ಎರವು

ದಿನ್ನೆಮೀದಪಲ್ಲಿ ಮಹಿಳಾ ಹಾಲಿನ ಸಂಘ,
ನಡಾವಳಿ ಪುಸ್ತಕ, ಪುಟ ನಲವತ್ತೊಂದು.
ಹಾಜರಿ ಇಪ್ಪತ್ತಾರು. ವಿಷಯ ಒಂದೇ:
ಗೊಬ್ಬರ ಮಾಡುವ ಮಿಷನ್ನಿಗೆ ಯಾವ ಕರೆಂಟು?

ಬರೆಯುವವಳು ನಾನು, ಸೆಕ್ರೆಟರಿ.
ಪುಸ್ತಕಕ್ಕೆ ಹಿಡಿಸದೆ ಉಳಿದದ್ದನ್ನು
ಹಾಲಿನ ಚೀಟಿಗಳ ಬೆನ್ನ ಮೇಲೆ ಬರೆಯುತ್ತಿದ್ದೇನೆ.

ಮಿಷನ್ ಏನೂ ದೊಡ್ಡದಲ್ಲ,
ನಮ್ಮ ಹಾಲು ತಣಿಸುವ ಟ್ಯಾಂಕಿನ ತಂಗಿಯಂತಿದೆ.
ಒಂದು ಬಾಯಲ್ಲಿ ನೀರು ಕುಡಿಯುತ್ತದೆ,
ಇನ್ನೊಂದರಲ್ಲಿ ಗಾಳಿ ಎಳೆಯುತ್ತದೆ,
ಮೂಗು ಸುಡುವ ನೀರು ತೊಟ್ಟಿಕ್ಕುತ್ತದೆ.
ಯೂರಿಯಾ ಚೀಲದ ತವರುಮನೆ ಅದೇ ಅಂತೆ.
“ಗೊಬ್ಬರ ಗಾಳೀಲೇ ಇದೆ ಕಣ್ರಮ್ಮ,
ಬಿಡಿಸಿಕೊಳ್ಳೋಕೆ ಬಲ ಬೇಕು, ಅಷ್ಟೇ”
ಎಂದ, ಚಿಂತಾಮಣಿಯಿಂದ ಬಂದ ಹುಡುಗ ದಯಾಕರ.

ಲೈನಿನ ಕರೆಂಟು ಬೇಡವೆನ್ನಲು
ಯಾರೂ ಕೈಯೆತ್ತಬೇಕಾಗಲಿಲ್ಲ;
ಚರ್ಚೆಯ ನಡುವೆ ಅದೇ ಎದ್ದು ಹೋಯಿತು.
ಫ್ಯಾನಿನ ರೆಕ್ಕೆಗಳು
ಒಂದು, ಎರಡು, ಮೂರು ಎಂದು ಕಾಣತೊಡಗಿದವು.

ಗಾಳಿ, ಅಂದಳು ಮುಬೀನಾ.
ಆಷಾಢದಲ್ಲಿ ಈ ದಿನ್ನೆಯ ಗಾಳಿ ಕುರಿಯ ಕಿವಿ ಮಡಚುತ್ತದೆ,
ಒಣಹಾಕಿದ ಸೀರೆ ಪಕ್ಕದೂರಲ್ಲಿ ಸಿಗುತ್ತದೆ.
ಸರಿ. ಮತ್ತೆ ಕಣದ ಕಾಲಕ್ಕೆ?
ರಾಗಿ ತೂರಲು ಮೊರ ಎತ್ತಿ ಹಿಡಿದು
ಕರೆದು ಕರೆದು ತೋಳು ಸೋತದ್ದು ನೆನಪಿಲ್ಲವೆ?
ಗಾಳಿಗೆ ಹಾಜರಿ ಪುಸ್ತಕವಿಲ್ಲ.

ಸಗಣಿ, ಅಂದಳು ಗಂಗುಲಮ್ಮ, ಆರು ಸೀಮೆಹಸುಗಳ ಒಡತಿ.
ಅವಳ ಕೊಟ್ಟಿಗೆಯ ಹಿಂದೆ ಗ್ಯಾಸಿನ ಗುಂಡಿ ಉಂಟು:
ಉರಿ ಒಲೆಗೆ, ಬಗ್ಗಡ ಹೊಲಕ್ಕೆ.
ಆಗ ಬಾಗಿಲ ಬಳಿ ಕೂತ ಆದೆಮ್ಮ
(ಒಂದೇ ಹಸು, ಅದೂ ಗಬ್ಬ) ಕೇಳಿದಳು:
“ಸಗಣಿಗೂ ತೂಕ, ತೂಕಕ್ಕೆ ದುಡ್ಡು ಅಂತಾದರೆ
ದಾರಿಯಲ್ಲಿ ಬಿದ್ದದ್ದು ಯಾರದು?
ಇವತ್ತಿನವರೆಗೂ ಅದು ಮೊದಲು ಕಂಡವರದು.
ಅಂದರೆ ನನ್ನದು.”

ಯಾರೂ ಮಾತಾಡಲಿಲ್ಲ.
ಪುಸ್ತಕದಲ್ಲಿ ನಾನು ಬರೆದದ್ದು: ಸಗಣಿ ಸಾಲದು.

ಉಳಿದದ್ದು ಬಿಸಿಲು.
ಬಿಸಿಲಿಗೆ ಇಲ್ಲಿ ಯಾರ ಶಿಫಾರಸೂ ಬೇಡ;
ಬಂಡೆಯ ಮೇಲೆ ಹುಣಸೆಹಣ್ಣು, ಮೆಣಸಿನಕಾಯಿ, ಸಂಡಿಗೆ,
ನಮ್ಮ ಅರ್ಧ ಸಂಸಾರ ಒಣಗಿಸಿಕೊಟ್ಟದ್ದು ಅದೇ.
ರಾತ್ರಿಗೆ? ಎಂದರು ಅಧ್ಯಕ್ಷೆ.
ಬ್ಯಾಟರಿ, ಎಂದ ಹುಡುಗ, ರೇಟು ಹೇಳಿ ತಲೆ ಕೆರೆದುಕೊಂಡ.
ಪಾಪಕ್ಕನಿಗೆ ನಗು: “ಕತ್ತಲಾದರೆ ಕೋಳೀನೂ ಗೂಡು ಸೇರತ್ತೆ,
ಅದೂ ಮಲಗಲಿ ಬಿಡೋ.
ಪೈರೇನು ಸರಿರಾತ್ರೀಲಿ ಎದ್ದು ಗೊಬ್ಬರ ಕೇಳತ್ತಾ?
ಹಗಲು ಮಾಡಿದ್ದು ಡ್ರಮ್ಮಲ್ಲಿರತ್ತೆ.”
ಹುಡುಗ ಪೆನ್ನು ತೆಗೆದು
ತನ್ನ ಲೆಕ್ಕದ ಇಡೀ ಒಂದು ಸಾಲು ಹೊಡೆದುಹಾಕಿದ.

ನಾವು ಎರಡು ನಾಲಿಗೆಯವರು,
ಮನೆಯಲ್ಲಿ ತೆಲುಗು, ಪುಸ್ತಕದಲ್ಲಿ ಕನ್ನಡ.
ಕೊನೆಯಲ್ಲಿ ಪಾಪಕ್ಕ ಅಂದದ್ದು ‘ಎರುವು’, ಗೊಬ್ಬರ ಅಂತ.
ಅವಸರದಲ್ಲಿ ನನ್ನ ಕೈ ಬರೆದದ್ದು ‘ಎರವು’.
ಗಟ್ಟಿಯಾಗಿ ಓದುವಾಗಲೇ ಗೊತ್ತಾದದ್ದು:
ಬಿಸಿಲಿನಿಂದ ಎರವು ಮಾಡಲು
ಸರ್ವಾನುಮತದಿಂದ ತೀರ್ಮಾನಿಸಲಾಯಿತು.

ಎಲ್ಲರೂ ನಕ್ಕರು. ಆದೆಮ್ಮ ನಗಲಿಲ್ಲ.
ಹಸುವಿಗೆಂದು ಕಿತ್ತು ತಂದಿದ್ದ ಅವರೆ ಗಿಡವೊಂದನ್ನು
ಹೊರೆಯಿಂದ ಎಳೆದು, ಬೇರು ಮೇಲಾಗಿ ಹಿಡಿದು
ಹುಡುಗನಿಗೆ ಕೇಳಿದಳು: “ಈ ಗಂಟುಗಳಿಗೆ ಯಾವ ಕರೆಂಟು?”
ಅವನು ಬಾಗಿ ನೋಡಿದ. ಬಹಳ ಹೊತ್ತು ನೋಡಿದ.
“ಇದೂ ಅದೇ ಕೆಲಸ ಮಾಡತ್ತಮ್ಮ. ಸದ್ದಿಲ್ಲದೆ.”
“ಹಾಗಾದರೆ ಬರೆದದ್ದು ಸರಿಯಾಗೇ ಇದೆ.
ಎರವಿನ ಪಾತ್ರೆ ಬರಿದಾಗಿ ವಾಪಸು ಕೊಡಬಾರದು.
ನಿನ್ನ ಮಿಷನ್ ಬರಲಿ.
ರಾಗಿ ಸಾಲಿನ ನಡುವೆ ಅವರೆ ಬಿಡಬೇಡಿ.”

ಬಿಳಿ ಶಾಯಿ ಡ್ರಾಯರಿನಲ್ಲೇ ಇತ್ತು. ತೆಗೆಯಲಿಲ್ಲ.
ಇಪ್ಪತ್ತೆರಡು ಸಹಿ, ನಾಲ್ಕು ಹೆಬ್ಬೆಟ್ಟು.
ಒಂದು ಹೆಬ್ಬೆಟ್ಟಿನ ಗೆರೆಗಳಲ್ಲಿ
ಶಾಯಿಗಿಂತ ಮಣ್ಣೇ ಹೆಚ್ಚು;
ಮೂರು ದಿನವಾಯಿತು,
ಪುಟ ನಲವತ್ತೊಂದು ತೆರೆದರೆ
ಇನ್ನೂ ಅವರೆಯ ಸೊಗಡು.