ಹಿಡಕೊಂಡ ನೀರು

ಮಿರಜದ ಈ ದವಾಖಾನೆಯ ತಳಮಹಡಿಯಲ್ಲಿ
ಮಷೀನಿನ ಕೋಣೆಯ ಕದ ಒಂದು ಗೇಣು ದಪ್ಪ.
ಅದರ ಈಚೆ ನಾನು, ಪರದೆಯ ಮುಂದೆ.
ಜತ್ತ ಕಡೆಯ ಮುದುಕಿಯರು ಬಂದರೆ
ಡಾಕ್ಟರು ಕೂಗುತ್ತಾರೆ: ನಿಮ್ಮ ಭಾಷೆ ಬಂತು ನೋಡಿ.

ಸಂಖದ ತಂಗೆವ್ವ. ಕಾರ್ಡಿನಲ್ಲಿ ಎಪ್ಪತ್ತೆಂಟು.
ಖರೆ ಎಷ್ಟೋ, ಬರೆದಿಟ್ಟವರು ಯಾರು?
ಮುಟ್ಟು ನಿಂತು ಮೂವತ್ತು ವರ್ಷಕ್ಕೆ
ಸೀರೆಗೆ ಮತ್ತೆ ಕಲೆ.
ಎಂಟು ತಿಂಗಳು ನಸುಕಿನಲ್ಲೆದ್ದು ಒಗೆದು
ಕೌದಿಯ ಅಡಿಯಲ್ಲಿ ಒಣಗಿಸಿದಳು,
ಹನ್ನೆರಡರಲ್ಲಿ ಕಲಿತ ಹಾಗೇ.

ಗರ್ಭಚೀಲ ತೆಗೆದಾಯಿತು. ಇನ್ನು ಇಪ್ಪತ್ತೈದು ಕರೆಂಟು.
ತಡಕೊಳ್ಳುತ್ತಾರಾ? ಡಾಕ್ಟರಿಗೆ ಅನುಮಾನ:
ವಯಸ್ಸು, ಸಕ್ಕರೆ, ಮೂವತ್ತೊಂಬತ್ತು ಕಿಲೋ.
ಕನ್ನಡಕ್ಕೆ ತಿರುಗಿಸಿದೆ.
‘ಏನ್ ತಡಕೋಬೇಕಂತ ಮೊದ್ಲ ಕೇಳವ್ವಾ.’

ಹೊಟ್ಟೆಗೊಂದು, ಪಕ್ಕೆಗೆರಡು, ಮೂರು ಚುಕ್ಕೆ ಚುಚ್ಚಿದೆ.
‘ಹಚ್ಚಿ ಏನ? ನಮ್ಮೂರಾಗ ಹಚ್ಚಿ ಹಾಕಾಕಿ
ಎರಡ ಸೇರ ಜ್ವಾಳ ತಗೊಂಡು
ತೋಳ ತುಂಬ ಹಾಕಿದ್ಲು, ಹಾಡ ಹೇಳಿ.
ನೀ ಹಾಡಲೇ ಇಲ್ಲ.’

ಆಮೇಲೆ ನೀರಿನ ಮಾತು.
ಒಂದು ತಾಸು ಮೊದಲು ಮೂರು ಗ್ಲಾಸು ಕುಡಿದು
ಮುಗಿಯುವ ತನಕ ಹಿಡಕೋಬೇಕು;
ತುಂಬಿದ ಮೂತ್ರಚೀಲ ಕರುಳನ್ನು ಆಚೆ ಸರಿಸಿ ಕಾಯುತ್ತದೆ.
ಇದನ್ನು ನಾನು ಕ್ಷಮೆ ಕೇಳುವ ದನಿಯಲ್ಲೇ ಹೇಳುವುದು.
ಕೊಲ್ಹಾಪುರದ ಒಬ್ಬ ಪ್ರೊಫೆಸರು, ನಲವತ್ತರವರು,
ಟೇಬಲ್ಲಿನ ಮೇಲೆಯೇ ಅತ್ತುಬಿಟ್ಟಿದ್ದರು.

ತಂಗೆವ್ವ ಕಿವಿಯ ಹತ್ತಿರ ಬಂದಳು:
‘ಬೆಳಕಾದ ಮ್ಯಾಲ ಹೊರಗ ಕುಂಡ್ರೂಹಂಗ ಇರಲಿಲ್ಲ.
ಕತ್ತಲಾಗೂ ತನಕ ಕಬ್ಬ ಕಡದೇವಿ,
ಬಸುರಿದ್ದಾಗ, ಎಂಟರಾಗ ಬಿದ್ದಾಗೂ.
ಅರವತ್ತ ವರ್ಷ ಹಿಡಕೊಂಡೇನಿ.
ನೀ ಒಂದ ತಾಸು ಅಂತಿ.’

ದಿನವೂ ಪರದೆಯಲ್ಲಿ ಅದೇ ತುಂಬಿದ ಚೀಲ,
ಅಚ್ಚಿನಲ್ಲಿ ಹೊಯ್ದಂತೆ ಒಂದೇ ಅಳತೆ.
ಡಾಕ್ಟರು ಭೇಷ್ ಅಂದರು.
ನನಗೆ ಬಾಯಿ ಬರಲಿಲ್ಲ.

ಅವಳು ಸೊಸೆಯ ಜೊತೆ ಇಳಿದಿದ್ದ ಖೋಲಿ
ಸಿತಾರು ಮಾಡುವವರ ಓಣಿಯಲ್ಲಿ.
ಒಣಗಲು ಇಟ್ಟ ಸೋರೆಬುರುಡೆಗಳನ್ನು ನೋಡಿ
‘ಇಷ್ಟ ದೊಡ್ಡದ ಎಳೇದಿದ್ದಾಗ ಪಲ್ಯಾ ಮಾಡಿದ್ರ
ಓಣಿ ಎಲ್ಲಾ ಉಣ್ಣತಿತ್ತು,’ ಅಂದಳು. ಅಷ್ಟೇ.

ಹದಿನಾರನೇ ದಿನ ಸೊಸೆ ನನ್ನನ್ನು ಮೂಲೆಗೆ ಕರೆದಳು:
ವಾರದಿಂದ ಹೊಟ್ಟೆ ನಿಂತಿಲ್ಲ, ರಾತ್ರಿಗೆ ಏಳು ಸಲ, ಎಂಟು ಸಲ.
ಡಾಕ್ಟರು ದಿನಾ ಕೇಳುತ್ತಿದ್ದರು, ತ್ರಾಸ್ ಇದೆಯಾ?
ದಿನಾ ಅವಳದು, ಏನಿಲ್ರೀ.
ಕಾಹೀ ನಾಹೀ, ಅಂತ ದಾಟಿಸುತ್ತಿದ್ದವಳು ನಾನೇ.

ಮರುದಿನ ಅನುವಾದ ಬದಲಿಸಿದೆ:
ಏನಿಲ್ಲ ಅಂತಾಳೆ ಸರ್,
ಅಂದರೆ ಬಹಳ ಇದೆ.

ಸಲೈನು, ಗುಳಿಗೆ; ರೊಟ್ಟಿ ಬಿಟ್ಟು ಮೆತ್ತನ್ನ, ತಿಳಿಮಜ್ಜಿಗೆ.
ಕರೆಂಟು ಒಂದೂ ತಪ್ಪಲಿಲ್ಲ.
ಕೊನೆಗೆ ಫೈಲಿನಲ್ಲಿ ಒಂದು ಸಾಲು:
ಚಿಕಿತ್ಸೆಯನ್ನು ಚೆನ್ನಾಗಿ ಸಹಿಸಿಕೊಂಡಿದ್ದಾರೆ.

ಇಪ್ಪತ್ತೈದು ಮುಗಿದ ದಿನ ಟೇಬಲ್ಲಿನಿಂದಿಳಿದು
ಸೀದಾ ಸಂಡಾಸಿಗೆ ಹೋದಳು, ಎಷ್ಟೋ ಹೊತ್ತು ಬರಲಿಲ್ಲ.
ಬಾಗಿಲು ಬಡಿದೆ.
‘ಆರಾಮ ಅದೀನಿ, ತಡಿ’ ಒಳಗಿಂದ ದನಿ,
‘ಹಾಡೇ ಹಗಲ ಐತಿ,
ಚಿಲಕಾ ಹಾಕೇನಿ.’