ಯಾವುದನ್ನು ಸುಡಬೇಕು

ಮಂಗಳವಾರ ಸಂಜೆ ಆರೂವರೆ. ಲಾಂಗ್ಟನ್ನಿನ
ಹಳೇ ಪಿಂಗಾಣಿ ಕಾರ್ಖಾನೆಯ ಹಿಂದಿನ ಷೆಡ್ಡು.
ಹೊರಗೆ ಹೊಟ್ಟೆ ಉಬ್ಬಿದ ಸೀಸೆಯಂಥ ಇಟ್ಟಿಗೆಯ ಆವಿಗೆ,
ಹೊಗೆ ಬಿಟ್ಟು ಅರವತ್ತು ವರ್ಷವಾಯಿತಂತೆ;
ಈಗ ಅದರ ಬಾಯಲ್ಲಿ ಪಾರಿವಾಳ.

ಒಳಗೆ ಏಳು ಜನ, ನಾಲ್ಕು ತಿಗರಿ,
ಒಂದು ಬಕೆಟ್ಟು.

ಬಕೆಟ್ಟಿನ ಕತೆ ಮೊದಲು ಹೇಳಬೇಕು.
ಕೈಜಾರಿದ್ದು, ಸೊಟ್ಟಗಾದದ್ದು, ತೆಳ್ಳಗಾಗಿ ಕುಸಿದದ್ದು,
ಬೆರಳು ತೊಳೆದ ನೀರು, ಹೆರೆದು ಬಿದ್ದ ಸುರುಳಿ
ಎಲ್ಲವೂ ಅದಕ್ಕೇ. ಒಂದು ಹನಿ ಚರಂಡಿಗೆ ಹೋಗಕೂಡದು.
ವಾರ ಕಳೆದರೆ ಮಜ್ಜಿಗೆಯ ಹದ,
ತಿಂಗಳಿಗೆ ನಾರುತ್ತದೆ.
ನಾರಿದಷ್ಟೂ ಒಳ್ಳೇದು ಅನ್ನುತ್ತಾಳೆ ಮ್ಯಾವಿಸ್.
ದೋಸೆಹಿಟ್ಟು ಕಂಡವಳಿಗೆ
ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮ್ಯಾವಿಸ್ ಬ್ರಿಂಡ್ಲಿಗೆ ಎಪ್ಪತ್ತೆಂಟು.
ಮೂವತ್ತೊಂದು ವರ್ಷ ಇದೇ ಕಾರ್ಖಾನೆಯಲ್ಲಿ
ಕಪ್ಪಿಗೆ ಹಿಡಿ ಅಂಟಿಸಿದವಳು, ಗಂಟೆಗೆ ಇಷ್ಟು ಡಜನ್ ಎಂದು.
ಬಲಗೈ ಹೆಬ್ಬೆರಳು ಇನ್ನೂ ಹಿಡಿಯ ಆಕಾರಕ್ಕೇ ಬಾಗಿದೆ.
ಎಲ್ಲರನ್ನೂ 'ಡಕ್' ಎನ್ನುತ್ತಾಳೆ, ಈ ಊರಿನ ಅಕ್ಕರೆ ಅದು;
ಬಾತುಕೋಳಿ ಎಂದಳೆಂದು ಮೊದಲ ವಾರ
ನಾನು ಮುಖ ಊದಿಸಿಕೊಂಡಿದ್ದೆ.

ನಾನು ಹಗಲಲ್ಲಿ ಹಲ್ಲು ಮಾಡುತ್ತೇನೆ.
ನಿಜಕ್ಕೂ. ಹ್ಯಾನ್ಲಿಯ ಲ್ಯಾಬಿನಲ್ಲಿ ಪಿಂಗಾಣಿ ಹಲ್ಲು,
ಒಬ್ಬೊಬ್ಬರ ಬಾಯಿಗೂ ಒಂದೊಂದು ಹಳದಿ.
ಬಾಯಿ ಮಣ್ಣಾದ ಮೇಲೂ ನನ್ನ ಹಲ್ಲು
ಅಲ್ಲೇ ಇರುತ್ತದೆ, ಅಗಿಯಲು ಏನೂ ಇಲ್ಲದೆ.

ಹಿತ್ತಿಲಲ್ಲಿ ಆಲೂಗಡ್ಡೆ ಅಗೆಯಹೋದರೆ
ಗಡ್ಡೆಗಿಂತ ಬೋಕಿಯೇ ಜಾಸ್ತಿ.
ನೀಲಿ ಹೂವಿನ ಅಂಚು, ಕಾಲು ಸಾಸರು,
ಟೀಪಾಟಿನ ಮುರಿದ ಮೂತಿ.
ನೂರೈವತ್ತು ವರ್ಷ ಹೂತಿದ್ದರೂ
ನಿನ್ನೆ ಬೆಳಗಿಟ್ಟಂತೆ ಹೊಳೆಯುತ್ತವೆ.
ಎರೆಹುಳ ಸುತ್ತಿ ಹೋಗುತ್ತದೆ, ಬೇರು ಬಳಸಿ ಹೋಗುತ್ತದೆ,
ಮಣ್ಣು ಮಾತ್ರ ಗುರುತು ಹಿಡಿಯುವುದಿಲ್ಲ
ಬೆಂಕಿಯ ಮನೆಗೆ ಕೊಟ್ಟ ಮಗಳನ್ನು.

ಒಂದು ಚೀಲ ತಂದು ಮ್ಯಾವಿಸ್ ಮುಂದೆ ಸುರಿದೆ.
ಒಂದು ಹಿಡಿ ಎತ್ತಿ ದೀಪಕ್ಕೆ ತಿರುಗಿಸಿದಳು:
'ಒತ್ತು ಎಡಗಡೆಗಿದೆ ನೋಡು. ಎಡಚಿ ಇವಳು.
ಅವಸರದಲ್ಲಿದ್ದಳು. ಶುಕ್ರವಾರ ಇರಬೇಕು.'
ಆಮೇಲೆ ಒರಳು ತರಿಸಿ ಎಲ್ಲವನ್ನೂ ಕುಟ್ಟಿಸಿದಳು,
ಆ ಹಿಡಿಯೊಂದನ್ನು ಬಿಟ್ಟು.
ಕುಟ್ಟಿದ ರವೆ ಹಸಿಮಣ್ಣಿಗೆ ಬೆರೆಯಿತು.

ಆರು ವಾರಕ್ಕೊಮ್ಮೆ ಕರೆಂಟಿನ ಆವಿಗೆ ಹೊತ್ತಿಸುವುದು,
ಅದೂ ತುಂಬಿದರೆ ಮಾತ್ರ. ಮೆರುಗಿಗೆ
ಪಿಟ್ಸಾ ಅಂಗಡಿಯ ಕಟ್ಟಿಗೆ ಬೂದಿ, ಜರಡಿ ಹಿಡಿದದ್ದು.
ಹಲಗೆಯ ಮೇಲೆ ನಲವತ್ತು ಪಾತ್ರೆ, ಎಲುಬಿನಂತೆ ಒಣಗಿದವು.
ಪ್ರತಿಯೊಂದನ್ನೂ ಎತ್ತಿ ಅದೇ ಪ್ರಶ್ನೆ:
'ಇದು ಇನ್ನು ಸಾವಿರ ವರ್ಷ ಇರಬೇಕಾ, ಡಕ್?'

ಗ್ಯಾರೆತ್ ತಲೆ ಕೆರೆದು ಐದನ್ನು ಬಕೆಟ್ಟಿಗೆ ಹಾಕಿದ.
ನಸ್ರೀನ್ ಮಾತ್ರ ಬಗ್ಗಲಿಲ್ಲ: ಉಪ್ಪಿನ ಭರಣಿ ಇದು,
ಉಪ್ಪು ಬೇಡವೇ ಸಾವಿರ ವರ್ಷದ ಮೇಲೆ?
ಅದು ಗೆದ್ದಿತು.

ನಮ್ಮ ಗಾದೆ ಹೇಳಿದೆ:
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
'ದೊಣ್ಣೆ ಯಾಕೆ?' ಎಂದಳು, 'ನೀರು ಸಾಕು.
ಪೂರ್ತಿ ಒಣಗಿರಬೇಕು ಅಷ್ಟೆ. ಅರೆ ಒಣಗಿದ್ದು
ಹಟ ಮಾಡುತ್ತದೆ, ಕರಗುವುದಿಲ್ಲ.'

ನನ್ನವು ನಾಲ್ಕು ಬಟ್ಟಲು. ಒಂದು ಚಂದವಿತ್ತು,
ಸುಳ್ಳೇಕೆ ಹೇಳಲಿ, ಬಹಳ ಚಂದವಿತ್ತು.
ಅದನ್ನೇ ಮೊದಲು ಬಿಟ್ಟೆ.
ಗುಳುಗುಳು ಅಂತು. ಅಂಚು ಬಿರಿದು
ಪದರ ಪದರ ಉದುರಿ
ಎರಡು ನಿಮಿಷಕ್ಕೆ ಬಟ್ಟಲಿನ ಜಾಗದಲ್ಲಿ ರಾಡಿ.
ಹೊಟ್ಟೆ ಉರಿಯಿತು. ಬಸ್ಸಿನಲ್ಲೂ ಉರಿಯಿತು.

ಬೆಳಿಗ್ಗೆ ಲ್ಯಾಬು. ತಟ್ಟೆಯಲ್ಲಿ ಒಂದು ದವಡೆಹಲ್ಲು,
ಹೆಸರಿಲ್ಲ, ನಂಬರು ಮಾತ್ರ.
ಇದು ಇರಬೇಕಾ, ಡಕ್?
ಯಾರೋ ಎಡಗಡೆಯಲ್ಲೇ ಅಗಿಯುತ್ತ
ಎರಡು ವಾರದಿಂದ ಕಾಯುತ್ತಿದ್ದಾರೆ.

ಕುಲುಮೆಯ ಬಾಗಿಲು ತೆರೆದು
ಒಳಗಿಟ್ಟೆ.