ಗೇಟು ಬೀಳುವ ಹೊತ್ತು

ಎಂಟೆಕ್ ಎರಡನೇ ಸೆಮಿಸ್ಟರು. ಅಸೈನ್ಮೆಂಟ್ ನಾಲ್ಕು:
ಕಣ್ಣೆದುರಿನ ಒಂದು ವ್ಯವಸ್ಥೆಯ ಮಾದರಿ ಬರೆಯಿರಿ.
ಉಪ್ಪಳದ ರೈಲ್ವೆ ಗೇಟನ್ನು ಆರಿಸಿದೆ,
ದಿನಾ ನನ್ನ ಹತ್ತು ನಿಮಿಷ ತಿನ್ನುತ್ತದೆಂಬ ಸಿಟ್ಟಿಗೇ.

ಎರಡೇ ಸ್ಥಿತಿ: ತೆರೆದಿದೆ, ಮುಚ್ಚಿದೆ.
ಎರಡು ವೃತ್ತ, ನಡುವೆ ಬಾಣ.
ಮುಚ್ಚದೆ ಸಿಗ್ನಲ್ ಹಸಿರಾಗದು:
ಇಷ್ಟನ್ನು ಸಾಧಿಸಲು ಮೂರು ರಾತ್ರಿ, ಅರ್ಧ ಡಬ್ಬಿ ಅವಲಕ್ಕಿ.
ಕೊನೆಗೆ ಪರದೆ ಹೇಳಿತು, ದೋಷವಿಲ್ಲ.

ಗೇಟಿನ ಚನಿಯಪ್ಪಣ್ಣನಿಗೆ ಲ್ಯಾಪ್‌ಟಾಪ್ ತೋರಿಸಿದೆ.
ಕನ್ನಡಕ ಹಣೆಗೇರಿಸಿ ನೋಡಿದರು.
"ಇದರಲ್ಲಿ ಬೀಳುವುದೆಲ್ಲಿ ಮಗಾ?"
ಯಾವುದು?
"ಗೇಟು."

ಅಷ್ಟರಲ್ಲಿ ಫೋನು.
ಹಿಡಿ ತಿರುಗಿಸಿದರು, ಕೋಲು ಇಳಿಯತೊಡಗಿತು
ಗಂಟೆಯ ಜೊತೆ ಮೆಲ್ಲ ಮೆಲ್ಲ.
ಅದರಡಿಯಿಂದ ಒಂದು ಬೈಕು, ಟ್ಯೂಷನ್ನಿನ ಮೂರು ಮಕ್ಕಳು,
ಕೊನೆಗೆ ಬೂತಾಯಿ ಬುಟ್ಟಿಯ ಗುಲಾಬಿಯಕ್ಕ.
ತಲೆ ಬಗ್ಗಿಸುವಂತಿಲ್ಲ, ಬುಟ್ಟಿಯಿದೆ;
ಮೊಣಕಾಲು ಮಡಚಿ, ಬೆನ್ನು ನೆಟ್ಟಗಿಟ್ಟು
ನೀರು ತೊಟ್ಟಿಕ್ಕಿಸುತ್ತ ದಾಟಿದಳು.
ಚನಿಯಪ್ಪಣ್ಣ ಹಿಡಿಯನ್ನು ಅಲ್ಲೇ ತಡೆದಿದ್ದರು,
ತುಳುವಿನಲ್ಲಿ ಬೈಯುತ್ತಲೇ.
ಆ ತಡೆ, ಆ ಬೈಗುಳ
ನನ್ನ ಯಾವ ಬಾಣದಲ್ಲೂ ಇಲ್ಲ.

ಮೂರನೇ ವೃತ್ತ ಬರೆದೆ: ಬೀಳುತ್ತಿದೆ.
ನಿನ್ನೆಯ ಸಾಧನೆಯೆಲ್ಲ ಕೆಂಪಾಯಿತು.
ನಲವತ್ತೊಂದು ದೋಷ.

ವೈವಾದಲ್ಲಿ ಕೇಳಿದರು:
"ರಮ್ಲಾ, ನಿಮ್ಮ ವ್ಯವಸ್ಥೆಯ ಗಡಿ ಎಲ್ಲಿ?"
ಗಡಿ ಎಂದರೆ ನಮಗೆ ತಲಪಾಡಿ.
ನಕ್ಕುಬಿಟ್ಟೆ. ಆಮೇಲೆ ಹೇಳಿದೆ,
ಬುಟ್ಟಿಯ ನೀರು ಹಳಿಗಳ ನಡುವೆ
ಎಲ್ಲಿಯವರೆಗೆ ತೊಟ್ಟಿಕ್ಕಿದೆಯೋ ಅಲ್ಲಿಗೆ ಸರ್.

ಬರೆದುಕೊಂಡರೋ, ಬಿಟ್ಟರೋ. ಬಿ ಗ್ರೇಡು ಬಂತು.

ಹಿಂದೆ ಬರುವಾಗ ಬಸ್ಸಿಗೆ ಗೇಟು ಬಿತ್ತು.
ಯಾರೋ ಗೊಣಗಿದರು, ಯಾರೋ ಕಡಲೆ ಸುಲಿದರು.
ನಾನು ಕಿಟಕಿಯಿಂದ ಎಣಿಸಿದೆ.
ಕೋಲು ಕೆಳಗೆ ಮುಟ್ಟಲು
ಹದಿನಾಲ್ಕು ಸೆಕೆಂಡು.
ಸೊನ್ನೆ ಎಂದು ಬರೆದಿದ್ದೆ.